ದಾಸ್ತಾನು ಕೋಣೆಯಿಂದ ಕಂಡ ಐವತ್ತು ವರ್ಷ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿ 2025ರ ಅಕ್ಟೋಬರ್ 2ಕ್ಕೆ ಐವತ್ತು ವರ್ಷ ತುಂಬಿತು. ಕಡತದಲ್ಲಿ ಅದಕ್ಕೆ ಅಷ್ಟುದ್ದದ ಹೆಸರು. ಊರವರಿಗೆ ಅದು ಅಂಗನವಾಡಿ, ಅಷ್ಟೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಿವಮೊಗ್ಗದ ಕಡೆಯಿಂದ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಆದೇಶಗಳ ಪಟ್ಟಿಯನ್ನು ಬೇರೆ ಯಾರಾದರೂ ಬರೆದಾರು ಅನ್ನಿಸಿತು. ಇಲಾಖೆಯಲ್ಲಿ ಮೇಲ್ವಿಚಾರಕಿಯಾಗಿ ದುಡಿದವಳು ನಾನು. ಕೇಂದ್ರಗಳ ಭೇಟಿಗೆ ಹೋದಾಗ ಗೋಡೆಯ ಮೇಲಿನ ಹಣ್ಣು-ತರಕಾರಿಯ ಚಿತ್ರಪಟಕ್ಕಿಂತ ಮೊದಲು ಹಿಂಬದಿಯ ದಾಸ್ತಾನು ಕೋಣೆಗೆ ನುಗ್ಗುವುದು ನಮ್ಮ ಅಭ್ಯಾಸ. ಸರ್ಕಾರದ ಆಲೋಚನೆ ಬದಲಾದದ್ದು ನಮಗೆ ಎಷ್ಟೋ ಸಲ ಸುತ್ತೋಲೆಗಿಂತ ಮುಂಚೆ ಅಲ್ಲೇ ತಿಳಿಯುತ್ತಿತ್ತು. ಚೀಲದಲ್ಲಿ ಏನಿದೆ, ಅದನ್ನು ಕಳಿಸಿದವರು ಯಾರು, ಬೀಗದ ಕೈ ಯಾರ ಹತ್ತಿರ ಇದೆ: ಈ ಮೂರನ್ನು ನೋಡಿದರೆ ಆ ಕಾಲದ ಧೋರಣೆ ಅರ್ಥವಾಗುತ್ತಿತ್ತು. ಹಾಗಾಗಿ ಈ ಚರಿತ್ರೆಯನ್ನು ಅಲ್ಲಿಂದಲೇ ಹೇಳುತ್ತೇನೆ.

ಅಂಗನವಾಡಿಗೂ ಮುಂಚೆ (1952–1974)

ಜಿಲ್ಲೆಯ ಮಟ್ಟಿಗೆ ಕಥೆ 1975ಕ್ಕಿಂತ ಹಿಂದಿನದು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಅಂದಿನ ಮೈಸೂರು ರಾಜ್ಯದಲ್ಲಿ ಆರಿಸಿಕೊಂಡ ಪ್ರದೇಶ ನಮ್ಮ ಸೊರಬ–ಶಿಕಾರಿಪುರ. ಗ್ರಾಮಸೇವಕ, ಗ್ರಾಮಸೇವಿಕೆ ಎಂಬ ಹುದ್ದೆಗಳು ಹಳ್ಳಿಗಳಿಗೆ ಪರಿಚಯವಾದದ್ದು ಆಗ. ಮರುವರ್ಷ, 1953ರಲ್ಲಿ, ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ, ಮಹಿಳಾ ಮಂಡಲಗಳೂ ಬಾಲವಾಡಿಗಳೂ ತಲೆಯೆತ್ತಿದವು. ಬಾಲವಾಡಿಯಲ್ಲಿ ಹಾಡು, ಕಥೆ, ಆಟ ಇದ್ದವು. ಊಟ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಊಟ ಬಂದದ್ದು ಶಾಲೆಗೆ, ಅದೂ ಹಡಗಿನಲ್ಲಿ. 1960ರ ದಶಕದಲ್ಲಿ ಓದಿದ ಯಾರನ್ನಾದರೂ ಕೇಳಿ, ಕೇರ್ ಸಂಸ್ಥೆಯ ಹಳದಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ, ಡಬ್ಬದ ಎಣ್ಣೆಯ ನೆನಪು ತೆಗೆಯುತ್ತಾರೆ. ಅಮೆರಿಕದ ಹೆಚ್ಚುವರಿ ಧಾನ್ಯ ಮಲೆನಾಡಿನ ಮಕ್ಕಳ ತಟ್ಟೆಗೆ ಬಂದ ಕಾಲ ಅದು. ಆ ಉಪ್ಪಿಟ್ಟಿನ ವಾಸನೆಯನ್ನು ಇಂದಿಗೂ ಹೊಗಳುವವರಿದ್ದಾರೆ, ನನಗೇನೋ ಅದರಲ್ಲಿ ಹಸಿವಿನ ಪಾಲೇ ಜಾಸ್ತಿ ಅನ್ನಿಸುತ್ತದೆ. ಆದರೆ ಶಾಲೆಗೆ ಬರುವಷ್ಟು ದೊಡ್ಡದಾದ ಮಗುವಿಗೆ ಮಾತ್ರ ಅದು ಸಿಗುತ್ತಿತ್ತು. ಮಗುವಿನ ಬೆಳವಣಿಗೆಗೆ ಪೆಟ್ಟು ಬೀಳುವುದು ಹೊಟ್ಟೆಯಲ್ಲಿರುವಾಗ ಮತ್ತು ಮೊದಲ ಎರಡು ವರ್ಷಗಳಲ್ಲಿ. ಆ ವಯಸ್ಸಿನವರಿಗೆಂದು 1970–71ರಲ್ಲಿ ವಿಶೇಷ ಪೌಷ್ಟಿಕ ಆಹಾರ ಕಾರ್ಯಕ್ರಮ ಬಂತು. 1974ರ ಆಗಸ್ಟ್‌ನಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಪ್ರಕಟವಾಯಿತು. ಊಟ, ಚುಚ್ಚುಮದ್ದು, ಪಾಠ ಮೂರೂ ಒಂದೇ ಚಾವಣಿಯ ಕೆಳಗೆ ಇರಬೇಕೆಂಬ ವಿಚಾರಕ್ಕೆ ಅಲ್ಲಿಂದ ದಾರಿ ತೆರೆಯಿತು.

ನರಸೀಪುರದ ನೂರು ಕೇಂದ್ರಗಳು (1975–1990)

ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಆರು ಸೇವೆಗಳೆಂದು ಗೊತ್ತುಮಾಡಿದರು: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ. ಇದರಲ್ಲಿ ಮೂರು ಆರೋಗ್ಯ ಇಲಾಖೆಯವರ ಕೈಯಲ್ಲಿ ಆಗುವಂಥವು. ಹಾಗಾಗಿ ನರ್ಸಮ್ಮ ಮತ್ತು ಅಂಗನವಾಡಿ ಟೀಚರ್ ಜೋಡೆತ್ತಿನ ಹಾಗೆ ಹೋಗಬೇಕಾಯಿತು. ಎಲ್ಲ ಊರಲ್ಲೂ ಹೋದರು ಎಂದು ಬರೆದರೆ ಓದುವವರು ನಕ್ಕಾರು. ಆದರೆ ಬಹಳ ಊರುಗಳಲ್ಲಿ ಹೋದರು.

ಟೀಚರಿಗೆ ಗೌರವಧನ ತಿಂಗಳಿಗೆ 100 ರೂಪಾಯಿ, ಮೆಟ್ರಿಕ್ ಪಾಸಾಗಿದ್ದರೆ 150. ಸಹಾಯಕಿಗೆ 35. ಅವರು 'ಸ್ವಯಂಸೇವಕಿ'ಯರು ಎಂಬ ನಂಬಿಕೆಯ ಮೇಲೆ ಯೋಜನೆ ನಿಂತಿತ್ತು. ಮುಂದೆ ಬಂದ ಎಷ್ಟೋ ಭಿನ್ನಾಭಿಪ್ರಾಯಗಳ ಬೇರು ಆ ಒಂದು ನಂಬಿಕೆಯಲ್ಲೇ ಇತ್ತು.

1980ರ ದಶಕದಲ್ಲಿ ಮಹಿಳೆ ಮತ್ತು ಮಕ್ಕಳ ಕೆಲಸ ಸಮಾಜ ಕಲ್ಯಾಣ ಇಲಾಖೆಯಿಂದ ಬೇರ್ಪಟ್ಟು ಪ್ರತ್ಯೇಕ ಇಲಾಖೆಯಾಯಿತು. ಯೋಜನೆ ಜಿಲ್ಲೆ ಜಿಲ್ಲೆಗೆ ಹರಡಿತು. ದಾಸ್ತಾನು ಕೋಣೆಗೆ ಆಗ ಬರುತ್ತಿದ್ದದ್ದು ಎನರ್ಜಿ ಫುಡ್: ಧಾನ್ಯ, ಬೇಳೆ, ಬೆಲ್ಲ ಕೂಡಿಸಿದ ಹಿಟ್ಟು. ಬೆಂಗಳೂರಿನಲ್ಲಿ ಇದಕ್ಕೆಂದೇ ಸರ್ಕಾರದ ಕಾರ್ಖಾನೆ ಇತ್ತು. ಬಿಸಿನೀರು ಹಾಕಿ ಉಂಡೆ ಕಟ್ಟಿದರೆ ಅಡುಗೆ ಮುಗಿಯಿತು. ಒಲೆಯ ರಗಳೆ ಇಲ್ಲ, ಲೆಕ್ಕ ಸುಲಭ. ಬಯಲುಸೀಮೆಯಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತಿತ್ತಂತೆ. ಮಲೆನಾಡಿನ ಮಳೆಗಾಲ ಬೇರೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಕಳೆಯುವಷ್ಟರಲ್ಲಿ ಹಿಟ್ಟು ಗಂಟು ಕಟ್ಟಿ ಮುಗ್ಗಲು ನಾತ ಹಿಡಿಯುತ್ತಿತ್ತು. ಚೀಲವನ್ನು ಗೋಡೆಯಿಂದ ಒಂದು ಗೇಣು ದೂರ, ಹಲಗೆಯ ಮೇಲೆ ಇಡಬೇಕು, ಮೊದಲು ಬಂದದ್ದು ಮೊದಲು ಖರ್ಚಾಗಬೇಕು ಎಂಬ ಪಾಠವನ್ನು ಟೀಚರುಗಳಿಗೆ ತರಬೇತಿಗಿಂತ ಚೆನ್ನಾಗಿ ಕಲಿಸಿದ್ದು ಆ ಮಳೆ.

ಇನ್ನೊಂದು ತೊಂದರೆ ನಕ್ಷೆಯಲ್ಲೇ ಇತ್ತು. ಸಾವಿರ ಜನಸಂಖ್ಯೆಗೆ ಒಂದು ಅಂಗನವಾಡಿ ಎಂಬುದು ನಿಯಮ. ಶಿಕಾರಿಪುರದ ಬಯಲಿನಲ್ಲಿ, ತಾಂಡಾಗಳಲ್ಲಿ ಅದು ಹೊಂದುತ್ತಿತ್ತು. ಸಾಗರ, ಹೊಸನಗರದ ಘಟ್ಟದಂಚಿನಲ್ಲಿ ಸಾವಿರ ಜನ ಸೇರಬೇಕಾದರೆ ನಾಲ್ಕಾರು ಗುಡ್ಡ, ಎರಡು ಹಳ್ಳ ದಾಟಬೇಕು. ಮೂರು ವರ್ಷದ ಮಗು ಅಡಿಕೆ ತೋಟದ ಸಂಕ ದಾಟಿ ಬರುವುದುಂಟೇ? ಕೂಲಿಗೆ ಹೋಗುವ ತಾಯಿ ಕಂಕುಳಲ್ಲಿ ಎತ್ತಿಕೊಂಡೇ ಬರಬೇಕು. ಹೀಗೆ ಅಗತ್ಯ ಹೆಚ್ಚಿದ್ದ ಕಡೆಗೇ ಕೇಂದ್ರ ದೂರವಾಗಿ ಉಳಿಯಿತು. ಇದು ಸರಿಹೋಗಲು 2007ರ ಹೊಸ ನಿಯಮ ಬರಬೇಕಾಯಿತು.

ತಕ್ಕಡಿಯ ದಶಕ (1990–2001)

ಮಗುವಿನ ಹಸಿವನ್ನು ಕಣ್ಣಿನಿಂದ ಅಳೆಯಬಾರದು ಎಂಬುದನ್ನು ನಮ್ಮ ಇಲಾಖೆ ಕಲಿತದ್ದು ಈ ಅವಧಿಯಲ್ಲಿ. ತೊಲೆಗೆ ನೇತುಹಾಕಿದ ಗಡಿಯಾರದಂಥ ಮುಖದ ತಕ್ಕಡಿ, ಅದಕ್ಕೆ ಸಿಕ್ಕಿಸಿದ ಬಟ್ಟೆಯ ಚಡ್ಡಿ. ಮಗುವಿನ ಎರಡು ಕಾಲನ್ನು ಅದರಲ್ಲಿ ತೂರಿಸಿ ಕೈಬಿಟ್ಟರೆ ಕೇರಿಗೆಲ್ಲ ಕೇಳುವ ಹಾಗೆ ಅಳು. ಮುಳ್ಳು ಅಲುಗಾಡುವುದು ನಿಲ್ಲುವ ಒಂದು ಗಳಿಗೆಯಲ್ಲಿ ಟೀಚರ್ ಅಂಕಿ ಓದಬೇಕು, ಸಹಾಯಕಿ ಬರೆದುಕೊಳ್ಳಬೇಕು, ಅಜ್ಜಿ "ಸಾಕು ಬಿಡೇ ತಾಯಿ, ದೃಷ್ಟಿಯಾಗುತ್ತೆ" ಎಂದು ಗೊಣಗಬೇಕು. ಆಮೇಲೆ ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ. ವಯಸ್ಸಿಗೆ ಇರಬೇಕಾದ ತೂಕದ ಶೇ. 80ಕ್ಕಿಂತ ಮೇಲಿದ್ದರೆ ಸಾಮಾನ್ಯ; ಅಲ್ಲಿಂದ ಕೆಳಗೆ ಒಂದನೇ ದರ್ಜೆ, ಎರಡನೇ ದರ್ಜೆ; ಮೂರು, ನಾಲ್ಕು ಎಂದರೆ ಆಸ್ಪತ್ರೆಯ ಮಾತು. ಮೂರನೇ ದರ್ಜೆಯ ಮಗು ಇದೆ ಎಂದು ವರದಿ ಹೋದರೆ ಪ್ರಶ್ನೆಗಳ ಸುರಿಮಳೆ ಬರುತ್ತಿದ್ದ ಕಾರಣ ಚುಕ್ಕೆ ಕೊಂಚ ಮೇಲೆ ಏರಿದ್ದೂ ಉಂಟು. ಸುವರ್ಣ ಮಹೋತ್ಸವದ ಸಂಚಿಕೆಯಾದರೂ ಇದನ್ನು ಬಿಡುವ ಹಾಗಿಲ್ಲ. ಬರಬರುತ್ತಾ, ಕೆಟ್ಟ ಅಂಕಿ ತಂದ ಟೀಚರನ್ನು ಬೈಯಬಾರದು ಎಂಬ ವಿವೇಕ ಮೇಲಿನವರಿಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಹೊಸ ಮಾನದಂಡ ಜಾರಿಯಾದ ಮೇಲೆ ಹಳೆಯ ದರ್ಜೆಗಳು ಹೋಗಿ, ಗಂಡು-ಹೆಣ್ಣಿಗೆ ಬೇರೆ ಬೇರೆ ಪಟ್ಟಿ ಬಂದವು.

2000ನೇ ಇಸವಿಯ ಅಕ್ಟೋಬರ್‌ನಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಸ್ವಸಹಾಯ ಗುಂಪು ಕಟ್ಟುವ ಕೆಲಸ ಟೀಚರ ತಲೆಗೆ. ಆಗ ಹಲವರು ಗೊಣಗಿದರು, ನಾವೂ ಗೊಣಗಿದೆವು. ಆದರೆ ವಾರಕ್ಕೊಮ್ಮೆ ಅಂಗನವಾಡಿಯ ಜಗಲಿಯಲ್ಲಿ ಕೂತು ಉಳಿತಾಯದ ಲೆಕ್ಕ ಬರೆದ ಹೆಂಗಸರು ಪಕ್ಕದ ಕೋಣೆಯ ಅಕ್ಕಿಯ ಲೆಕ್ಕವನ್ನೂ ಕೇಳಲು ಶುರುಮಾಡಿದ್ದು ಇದರ ಲಾಭ.

ನ್ಯಾಯಾಲಯದ ದಶಕ (2001–2013)

2001ರಲ್ಲಿ ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ ಅಂಗನವಾಡಿಯ ದೆಸೆ ಬದಲಿಸಿತು. ಒಂದು ಕಡೆ ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದೆ, ಇನ್ನೊಂದು ಕಡೆ ಜನ ಹಸಿದಿದ್ದಾರೆ ಎಂಬುದು ಅರ್ಜಿಯ ತಿರುಳು. ಅದೇ ವರ್ಷದ ನವೆಂಬರ್ 28ರ ಆದೇಶದಲ್ಲಿ ಶಾಲೆಯ ಬಿಸಿಯೂಟವೂ ಅಂಗನವಾಡಿಯ ಆಹಾರವೂ ಸರ್ಕಾರ ಕೊಡಲೇಬೇಕಾದವು ಎಂದಾಯಿತು. 2004ರ ಅಕ್ಟೋಬರ್‌ನಲ್ಲಿ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡವೆಂದು ಕೋರ್ಟು ಹೇಳಿತು. 2006ರ ಡಿಸೆಂಬರ್ 13ರ ಆದೇಶ ಇನ್ನೂ ಮುಂದೆ ಹೋಗಿ, ದೇಶದಲ್ಲಿ 14 ಲಕ್ಷ ಅಂಗನವಾಡಿಗಳು ಇರಬೇಕು, ಕೇಂದ್ರವಿಲ್ಲದ ಊರಿನವರು ಕೇಳಿದರೆ ತೆರೆದುಕೊಡಬೇಕು ಎಂದಿತು.

ಇದರ ಹಿಂದೆಯೇ ಬಂದದ್ದು 2007ರ ನಿಯಮ. 400ರಿಂದ 800 ಜನರಿಗೆ ಒಂದು ಅಂಗನವಾಡಿ, 150ರಿಂದ 400 ಜನರಿರುವ ಕಡೆ ಮಿನಿ ಅಂಗನವಾಡಿ. ಕೋರ್ಟು-ಕಚೇರಿಯ ಭಾಷೆಯಲ್ಲಿ ಇದು ಒಂದು ಅಂಕಿ ಬದಲಾದದ್ದು, ಅಷ್ಟೆ. ಮಲೆನಾಡಿಗೆ ಮಾತ್ರ ಅದು ಹಳ್ಳದ ಈಚೆ ದಡಕ್ಕೆ ಕೇಂದ್ರ ಬಂದದ್ದು. ಮಿನಿ ಕೇಂದ್ರದಲ್ಲಿ ಆಗ ಸಹಾಯಕಿ ಇರಲಿಲ್ಲ, ಟೀಚರೇ ಪಾಠ ಹೇಳಬೇಕಿತ್ತು, ಅವಳೇ ಒಲೆ ಊದಬೇಕಿತ್ತು. ಆದರೂ ಜಿಲ್ಲೆಯಲ್ಲಿ ಯೋಜನೆಯ ಐವತ್ತು ವರ್ಷದ ಒಂದೇ ಒಂದು ಮೈಲಿಗಲ್ಲು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಗುತ್ತಿಗೆದಾರರ ಜಾಗಕ್ಕೆ ತಾಲ್ಲೂಕುಗಳಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಘಟಕಗಳು ಬಂದವು. ಪುಷ್ಟಿ ಪುಡಿ ಅಲ್ಲಿಂದ ಬರತೊಡಗಿತು. ಅಂಗನವಾಡಿ ಮಟ್ಟದಲ್ಲಿ ಬಾಲವಿಕಾಸ ಸಮಿತಿ ಬಲಗೊಂಡು, ಊರಿನ ತಾಯಂದಿರಲ್ಲೇ ಒಬ್ಬರು ಅಧ್ಯಕ್ಷೆಯಾಗಿ ಬ್ಯಾಂಕ್ ಖಾತೆಗೆ ಟೀಚರ ಜೊತೆ ಜಂಟಿ ಸಹಿ ಹಾಕಿದರು. ಪೂರೈಕೆ ಬದಲಾದ ಈ ವರ್ಷಗಳಲ್ಲಿ ರಾಜ್ಯಮಟ್ಟದಲ್ಲಿ ದೂರು, ತನಿಖೆ, ಚರ್ಚೆ ನಡೆದವು. ಅದರಿಂದ ವ್ಯವಸ್ಥೆ ಒಂದಷ್ಟು ಬಿಗಿಯಾಯಿತು ಎಂದರೆ ಸಾಕು.

2003ರ ಜುಲೈನಲ್ಲಿ ಅಕ್ಷರ ದಾಸೋಹ ನಮ್ಮ ಭಾಗದ ಶಾಲೆಗಳಿಗೂ ಬಂದದ್ದರಿಂದ ಅಂಗನವಾಡಿಗೆ ಒಂದು ಅನಿರೀಕ್ಷಿತ ಉಪಕಾರವಾಯಿತು. ಅಲ್ಲಿಯವರೆಗೆ ಮಧ್ಯಾಹ್ನ ತಮ್ಮನ ಕೈ ಹಿಡಿದು ಬಂದ ಅಕ್ಕನೂ ತಟ್ಟೆಗೆ ಕೂರುತ್ತಿದ್ದಳು. ಇಲ್ಲ ಅನ್ನಲು ಯಾವ ಟೀಚರಿಗೆ ಬಾಯಿ ಬಂದೀತು? ಅಕ್ಕನಿಗೆ ಶಾಲೆಯಲ್ಲೇ ಊಟ ಸಿಕ್ಕಮೇಲೆ ತಮ್ಮನ ಪಾಲು ತಮ್ಮನಿಗೇ ಉಳಿಯಿತು.

ಹಾಲು, ಮೊಟ್ಟೆ, ಪೂರ್ಣ ಊಟ (2013–2019)

2013ರಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿದವು. ಜುಲೈನಲ್ಲಿ ಅನ್ನಭಾಗ್ಯ, ಆಗಸ್ಟ್ 1ಕ್ಕೆ ಕ್ಷೀರಭಾಗ್ಯ, ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಟಣೆ. ಕಾಯ್ದೆಯಲ್ಲಿ ಗರ್ಭಿಣಿ, ಬಾಣಂತಿ ಮತ್ತು ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯ ಊಟ ಹಕ್ಕಾಯಿತು. ಮನೆಯಲ್ಲಿ ಅಕ್ಕಿ ಇದೆ ಎಂದಮೇಲೆ ಅಂಗನವಾಡಿಯಲ್ಲಿ ಬೇಕಾದದ್ದು ಬೇರೆ: ಹಾಲು, ಮೊಟ್ಟೆ, ಕಾಳು, ಸೊಪ್ಪು. ಅನ್ನದಿಂದ ಹೊಟ್ಟೆ ತುಂಬುತ್ತದೆ, ಮೈ ಕಟ್ಟಲು ಅದೊಂದೇ ಸಾಲದು ಎಂಬ ಅರಿವು ದಾಸ್ತಾನು ಕೋಣೆಗೆ ಇಳಿದದ್ದು ಈಗ. ಹಾಲಿನ ಪುಡಿಯ ಪೊಟ್ಟಣ, ವಾರಕ್ಕೆರಡು ದಿನ ಮೊಟ್ಟೆ, ಶೇಂಗಾ ಚಿಕ್ಕಿ, ಮೊಳಕೆ ಹೆಸರುಕಾಳು ಬಂದವು. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಬದಲಿ ವ್ಯವಸ್ಥೆಯಾಯಿತು. ಈ ವಿಚಾರವಾಗಿ ಹೊರಗೆ ಎದ್ದಷ್ಟು ವಾದ ಕೇಂದ್ರದ ಒಳಗೆ ಏಳಲಿಲ್ಲ. ಮಕ್ಕಳು ತಮ್ಮ ತಮ್ಮ ತಟ್ಟೆಯದನ್ನು ತಿಂದು ಮಲಗಿದರು.

ಖರ್ಚಿನ ಅಂಕಿಯನ್ನೂ ಇಲ್ಲೇ ಹೇಳಬೇಕು. ಒಂದು ಮಗುವಿಗೆ ದಿನಕ್ಕೆ 2008ರ ಹೊತ್ತಿಗೆ 4 ರೂಪಾಯಿ, 2012ರಲ್ಲಿ 6, 2017ರಲ್ಲಿ 8. ತೀವ್ರ ಅಪೌಷ್ಟಿಕತೆಯ ಮಗುವಿಗೆ 12, ಗರ್ಭಿಣಿ-ಬಾಣಂತಿಯರಿಗೆ 9 ರೂಪಾಯಿ 50 ಪೈಸೆ. ಇದರಲ್ಲಿ ಮಗುವಿಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಕೂಡಬೇಕು. ಮೊಟ್ಟೆಯ ಪೇಟೆ ದರ ಏರಿದಾಗ ಲೆಕ್ಕ ಹೊಂದಿಸಿದವರು ಟೀಚರುಗಳು. ಕೆಲವು ತಿಂಗಳು ತಮ್ಮ ಗೌರವಧನದಿಂದಲೇ ಹೊಂದಿಸಿದರು. ಕೇಂದ್ರದ ಹಿತ್ತಿಲಿನ ನುಗ್ಗೆ, ಬಸಳೆ, ಹರಿವೆ ಬಂದದ್ದೂ ಈ ಇಕ್ಕಟ್ಟಿನಿಂದಲೇ. ಕೈತೋಟದ ತರಬೇತಿಗೆ ಶಿವಮೊಗ್ಗ ನಗರದ ನವುಲೆ ಬಡಾವಣೆಯ ಕೃಷಿ ವಿಜ್ಞಾನ ಕೇಂದ್ರ ನಮ್ಮವರಿಗೆ ಹತ್ತಿರದ ಆಸರೆ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ರಾಜ್ಯದಾದ್ಯಂತ ಆರಂಭವಾಯಿತು. ಗರ್ಭಿಣಿ ಮತ್ತು ಬಾಣಂತಿಯರಿಗೆ ತಿಂಗಳಿಗೆ 25 ದಿನ ಕೇಂದ್ರದಲ್ಲೇ ಬಿಸಿ ಊಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. ಮನೆಗೆ ಕೊಟ್ಟ ಪದಾರ್ಥ ಮನೆಯವರೆಲ್ಲರ ಪಾಲಾಗಿ ಗರ್ಭಿಣಿಗೆ ಕಡೆಯ ತುತ್ತು ಉಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿ. ಎಂಟು ತಿಂಗಳ ಬಸುರಿ ಮಳೆಯಲ್ಲಿ ಗುಡ್ಡ ಇಳಿದು ಊಟಕ್ಕೆ ಬರುವ ಕಷ್ಟವೂ ಸರಿ. ಬಾಣಂತಿಯನ್ನು ಹೊರಗೆ ಕಳಿಸದ ಪದ್ಧತಿ ಬೇರೆ. ಮಲೆನಾಡಿನ ಹಲವು ಕಡೆ ಕ್ಯಾರಿಯರ್‌ನಲ್ಲಿ ಊಟ ಮನೆಗೇ ಹೋಯಿತು. ನಿಯಮಕ್ಕೆ ತುಸು ವಿರುದ್ಧ, ಬಸುರಿಗೆ ಅನುಕೂಲ.

ಭದ್ರಾವತಿಯ ಮಾತು ಇಲ್ಲಿ ಸೇರಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಶುರುವಾದ ಊರು ಅದು. ಕಾಯಂ ನೌಕರರಿಗೆ ವಸತಿ, ಆಸ್ಪತ್ರೆ, ಶಾಲೆ ಎಲ್ಲ ಇತ್ತು, ಅಂಗನವಾಡಿ ಬೇಕೆನ್ನಿಸಿರಲಿಲ್ಲ. ಮೈಸೂರು ಪೇಪರ್ ಮಿಲ್ಸ್ ಉತ್ಪಾದನೆ ನಿಂತಮೇಲೆ, ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರ ಕೆಲಸ ತೂಗುಯ್ಯಾಲೆಯಾದಮೇಲೆ, ಸಂಬಳದ ದಿನ ತಿಂಗಳ ದಿನಸಿ ಕಟ್ಟಿಸುತ್ತಿದ್ದ ಮನೆಗಳು ದಿನದಿನದ ಲೆಕ್ಕಕ್ಕೆ ಇಳಿದವು. ಅಂಥ ಮನೆಯ ಹೆಂಗಸರು ಅಂಗನವಾಡಿಯ ಬಾಗಿಲಿಗೆ ಬರುವಾಗ ಪಟ್ಟ ಸಂಕೋಚ ತಾಂಡಾದವರಿಗೆ, ಕೂಲಿಯವರಿಗೆ ಇರಲಿಲ್ಲ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಪರಿಹಾರ ಕೇಂದ್ರಗಳಲ್ಲಿ ಎಳೆ ಮಕ್ಕಳ, ಬಸುರಿಯರ ಪಟ್ಟಿ ಬೇಕಾಯಿತು. ಅದು ಸಿದ್ಧವಾಗಿ ಇದ್ದದ್ದು ಟೀಚರುಗಳ ಕೈಯಲ್ಲಿ.

ಕಟ್ಟಡಗಳು

ಕಟ್ಟಡದ ಚರಿತ್ರೆ ಎಂದರೆ ಬಹುಮಟ್ಟಿಗೆ ಕಟ್ಟಡವಿಲ್ಲದ ಚರಿತ್ರೆ. ದೇವಸ್ಥಾನದ ಜಗಲಿ, ಶಾಲೆಯ ವರಾಂಡ, ಸಮುದಾಯ ಭವನ, ಯಾರದೋ ಮನೆಯ ಪಡಸಾಲೆ. 600 ಚದರಡಿ, ಅದರಲ್ಲಿ ಅಡುಗೆಕೋಣೆ, ದಾಸ್ತಾನು ಕೋಣೆ, ಶೌಚಾಲಯ ಇರಬೇಕೆಂಬ ಮಾನದಂಡ ಕಾಗದದ ಮೇಲಿತ್ತು. ನಬಾರ್ಡ್ ಸಾಲ, ಶಾಸಕರ ನಿಧಿ, ಕೊನೆಗೆ ಉದ್ಯೋಗ ಖಾತ್ರಿಯ ಹಣ ಜೋಡಿಸಿದ ಮೇಲೆ ಹಳ್ಳಿಗಳಲ್ಲಿ ಸ್ವಂತ ಕಟ್ಟಡ ಎದ್ದವು. ಜಾಗ ದಾನ ಕೊಟ್ಟವರೂ ಇದ್ದಾರೆ.

ನಗರದಲ್ಲಿ ಆ ಭಾಗ್ಯ ಕಡಿಮೆ. ನವುಲೆಯನ್ನೇ ನೋಡಿ. 1980ರಲ್ಲಿ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜು ಬಂತು, ಆಮೇಲೆ ಕೃಷಿ ಕಾಲೇಜು, ಕ್ರಿಕೆಟ್ ಮೈದಾನ. 2012ರಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಸವಳಂಗ ರಸ್ತೆಯ ಎರಡೂ ಬದಿ ಗದ್ದೆ ಹೋಗಿ ನಿವೇಶನಗಳಾದವು. ಚದರಡಿಗೆ ಬೆಲೆ ಕಟ್ಟುವ ಜಾಗದಲ್ಲಿ ಅಂಗನವಾಡಿಗೆ ಮೂಲೆ ಸಿಗುವುದು ಕಷ್ಟ. ಬಾಡಿಗೆ ಮನೆ, ಮಾಲೀಕರ ಮಗನಿಗೆ ಮದುವೆ ಎಂದರೆ ಖಾಲಿ, ಮತ್ತೆ ಹುಡುಕಾಟ. ಕೇಂದ್ರ ಎರಡು ಬೀದಿ ಆಚೆ ಹೋದರೂ ಹಾಜರಿ ಬೀಳುತ್ತದೆ. ಇಂಥ ಬಾಡಿಗೆ ಕೇಂದ್ರಗಳಲ್ಲಿ ದಾಸ್ತಾನು ಕೋಣೆ ಎಂದರೆ ಮಂಚದ ಕೆಳಗೆ, ಇಲ್ಲವೇ ಅಟ್ಟ.

ಬಾಗಿಲು ಮುಚ್ಚಿದ ವರ್ಷ, ಪಕ್ಕದಲ್ಲಿ ತೆರೆದ ಇನ್ನೊಂದು ಉಗ್ರಾಣ (2020)

2020ರ ಮಾರ್ಚ್‌ನಲ್ಲಿ ಅಂಗನವಾಡಿಗಳು ಮುಚ್ಚಿದವು. ಆಹಾರ ನಿಲ್ಲಲಿಲ್ಲ, ಅಕ್ಕಿ, ಬೇಳೆ, ಬೆಲ್ಲ, ಹಾಲಿನ ಪುಡಿ ತೂಗಿ ಮನೆಮನೆಗೆ ಹೋಯಿತು. ಟೀಚರುಗಳು ಬೆಳಿಗ್ಗೆ ದಿನಸಿ ಹಂಚಿ ಮಧ್ಯಾಹ್ನ ಜ್ವರದ ಸಮೀಕ್ಷೆ ಮಾಡಿದರು.

ನಾನು ಆಗ ನಿವೃತ್ತಳು, ನವುಲೆಯಲ್ಲಿ ಮನೆ. ಬಡಾವಣೆಯವರು ಒಬ್ಬರ ಮನೆಯ ಮುಂಗೋಣೆಯಲ್ಲಿ ದಿನಸಿ ಕೂಡಿಸಿ ಹಂಚಲು ಹೊರಟಾಗ, "ಮೇಡಂ, ನೀವು ಇಲಾಖೆಯವರಲ್ವಾ, ಲೆಕ್ಕ ನೀವೇ ನೋಡ್ಕಳಿ" ಎಂದರು. ಈ ಸಂಚಿಕೆಯಲ್ಲಿ ಇದು ಪ್ರಸ್ತುತವೇ ಎಂದರೆ ಹೌದು. ಇಲಾಖೆಯಿಂದ ಹೊರಬಂದವರು ಅಲ್ಲಿ ಕಲಿತದ್ದನ್ನು ಎಲ್ಲಿ ಬಳಸುತ್ತಾರೆ ಎಂಬುದೂ ಸಂಸ್ಥೆಯ ಚರಿತ್ರೆಯೇ. ಅಮೆರಿಕದ ಫೀನಿಕ್ಸ್ ಊರಿನಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಆರಂಭಿಸಿದ್ದನ್ನು ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎನ್ನುತ್ತಾರೆ. ನಮ್ಮಲ್ಲಿ ಮನೆಮನೆಯ ಮುಷ್ಟಿ ಅಕ್ಕಿಯಿಂದ ವಿದ್ಯಾರ್ಥಿನಿಲಯ ನಡೆಸಿದ ಊರುಗಳಿಗೆ ಅದೇನೂ ಹೊಸದಲ್ಲ. ಹೊಸದಾದದ್ದು ಲೆಕ್ಕ ಮತ್ತು ಆಯ್ಕೆ.

ಮೊದಲ ವಾರ ಕೋಣೆ ತುಂಬ ಅಕ್ಕಿ. ಕೊಡುವವರಿಗೆ ದಾನ ಎಂದರೆ ಅಕ್ಕಿ. ಆದರೆ ಕಾರ್ಡಿದ್ದವರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತಿತ್ತು. ಅವರಿಗೆ ಮುಗಿದಿದ್ದದ್ದು ಎಣ್ಣೆ, ತೊಗರಿಬೇಳೆ, ಖಾರದ ಪುಡಿ, ಸೋಪು. ಕಾರ್ಡಿಲ್ಲದವರು ಬೇರೆಯೇ. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ಶೆಡ್ಡುಗಳಲ್ಲಿದ್ದವರ ಕಾರ್ಡು ಊರಿನಲ್ಲಿ ಅತ್ತೆಯ ಹತ್ತಿರ. ಯಾವ ಊರಿನ ಕಾರ್ಡಿಗೂ ಯಾವ ಅಂಗಡಿಯಲ್ಲೂ ಪಡಿತರ ಎಂಬ ವ್ಯವಸ್ಥೆ ಬಂದಿದೆ ಎಂದು ತಿಳಿಹೇಳಿ, ಅವರನ್ನು ಅಂಗಡಿಯವರೆಗೆ ಕರೆದುಕೊಂಡು ಹೋಗಿದ್ದು ನಾವು ಕೊಟ್ಟ ಚೀಲಕ್ಕಿಂತ ದೊಡ್ಡ ಕೆಲಸ. ಗರ್ಭಿಣಿಯಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸುವುದು, ಮಗುವಿದ್ದರೆ ತೋಳಿನ ಸುತ್ತಳತೆ ನೋಡುವುದು. ಪಟ್ಟಿ 11.5 ಸೆಂಟಿಮೀಟರಿಗಿಂತ ಕೆಳಗೆ, ಕೆಂಪು ಬಣ್ಣಕ್ಕೆ, ಇಳಿದರೆ ದಿನಸಿ ಸಾಲದು, ಮೆಗ್ಗಾನ್ ಆಸ್ಪತ್ರೆಗೆ ಕಳಿಸಬೇಕು.

ಒಬ್ಬ ದಾನಿ ಶಿಶುಗಳ ಹಾಲಿನ ಪುಡಿಯ ಡಬ್ಬಗಳನ್ನು ಕಾರಿನ ತುಂಬ ತಂದರು. ಇಳಿಸಿಕೊಳ್ಳಲು ಹೋದ ಹುಡುಗರನ್ನು ತಡೆಯಬೇಕಾಯಿತು. 1992ರ ಶಿಶು ಹಾಲು ಬದಲಿಗಳ ಕಾಯ್ದೆಯ ಪ್ರಕಾರ ಅನಾಥಾಲಯಕ್ಕೆ ಬಿಟ್ಟರೆ ಅದನ್ನು ದಾನ ಮಾಡುವ ಹಾಗಿಲ್ಲ. ಡಬ್ಬ ಮುಗಿಯುವಷ್ಟರಲ್ಲಿ ತಾಯಿಯ ಎದೆಹಾಲು ಕಡಿಮೆಯಾಗಿರುತ್ತದೆ, ಎರಡನೇ ಡಬ್ಬಕ್ಕೆ ದುಡ್ಡಿರುವುದಿಲ್ಲ, ನೀರು ಹೆಚ್ಚು ಬೆರೆಸುತ್ತಾರೆ, ಮಗು ಭೇದಿಗೆ ಬೀಳುತ್ತದೆ. ದಾನಿಗೆ ಮೊದಲು ಬೇಸರವಾಯಿತು. ಕಾರಣ ಹೇಳಿದ ಮೇಲೆ ಡಬ್ಬ ವಾಪಸ್ ಕೊಟ್ಟು, ಅದೇ ಹಣಕ್ಕೆ ಬಾಣಂತಿಯರಿಗೆಂದು ಕಾಳು, ಬೆಲ್ಲ, ಶೇಂಗಾ ತಂದರು. ಕಲ್ಯಾಣಮಂಟಪದಲ್ಲಿ ಉಳಿದ ಅಡುಗೆಯನ್ನೂ ನಾವು ಒಲ್ಲೆವೆಂದೆವು. ಹೆಚ್ಚುವರಿ ಆಹಾರ ಹಂಚಿಕೆಗೆ 2019ರಲ್ಲೇ ನಿಯಮ ಬಂದಿದೆ: ಯಾವಾಗ ಬೇಯಿಸಿದ್ದು, ಯಾವಾಗ ತಂದದ್ದು ಎಂಬ ದಾಖಲೆ ಬೇಕು, ತಣ್ಣಗಿಡುವ ಅನುಕೂಲ ಬೇಕು. ನಮ್ಮ ಮುಂಗೋಣೆಯಲ್ಲಿ ಅದೇನೂ ಇರಲಿಲ್ಲ.

ಚೀಲ ಕೊಡುವಾಗ ಫೋಟೋ ಬೇಡ ಎಂಬ ವಿಷಯಕ್ಕೆ ಮಾತ್ರ ಸ್ವಲ್ಪ ಜಟಾಪಟಿಯಾಯಿತು. ಕೊನೆಗೆ ಚೀಲಗಳ ಫೋಟೋ ತೆಗೆಯಬಹುದು, ಮನುಷ್ಯರದ್ದು ಬೇಡ ಎಂದು ಒಪ್ಪಂದವಾಯಿತು. ದಾಸ್ತಾನು ಪುಸ್ತಕ ಮಾತ್ರ ಇಲಾಖೆಯ ಮಾದರಿಯದೇ: ಹಿಂದಿನ ಉಳಿಕೆ, ಬಂದದ್ದು, ಒಟ್ಟು, ಕೊಟ್ಟದ್ದು, ಈಗಿನ ಉಳಿಕೆ, ಷರಾ.

ಈಚಿನ ವರ್ಷಗಳು (2021–2025)

2018ರ ಮಾರ್ಚ್ 8ರಂದು ಆರಂಭವಾದ ಪೋಷಣ್ ಅಭಿಯಾನ, 2021ರಲ್ಲಿ ಅಂಗನವಾಡಿ ಸೇವೆಗಳೊಂದಿಗೆ ಬೆಸೆದು ಪೋಷಣ್ 2.0 ಆಯಿತು. ಪುಸ್ತಕದ ಜಾಗಕ್ಕೆ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂತು. ಘಟ್ಟದ ಕಡೆ ನೆಟ್‌ವರ್ಕ್ ಹುಡುಕಿ ಟೀಚರುಗಳು ಗುಡ್ಡ ಹತ್ತಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಗೌರವಧನ ಮತ್ತು ಸ್ಥಾನಮಾನದ ಪ್ರಶ್ನೆ ಇದಕ್ಕೂ ಹಿಂದಿನಿಂದ ಇತ್ತು. 2017ರ ಮಾರ್ಚ್‌ನಲ್ಲಿ, ಮತ್ತೆ 2023ರ ಜನವರಿಯಲ್ಲಿ ರಾಜ್ಯದ ಎಲ್ಲೆಡೆಯಿಂದ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಸೇರಿದರು. ನಮ್ಮ ಜಿಲ್ಲೆಯವರೂ ಹೋದರು. ಮೇಲ್ವಿಚಾರಕಿಯರು ಹಾಜರಿ ಪುಸ್ತಕ ನೋಡುವಾಗ ತುಸು ಮೆತ್ತಗಾದರು. ನಡುವೆ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. 1975ರ 'ಸ್ವಯಂಸೇವಕಿ' ಎಂಬ ಭಾವನೆಗೆ ಅಲ್ಲಿ ದೊಡ್ಡ ಪೆಟ್ಟು ಬಿತ್ತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿಯ ಗತಿಯೇನು ಎಂಬ ಆತಂಕ ಎದ್ದಿತು. ಮಾತುಕತೆಯ ನಂತರ ಅಂಗನವಾಡಿಗಳಲ್ಲೇ ಆ ತರಗತಿಗಳನ್ನು ಆರಂಭಿಸುವ ದಾರಿ ಹಿಡಿಯಲಾಯಿತು.

ನರಸೀಪುರದ ನೂರು ಕೇಂದ್ರಗಳಿಂದ ಹೊರಟ ರಾಜ್ಯದಲ್ಲಿ ಈಗ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತುಗಳ ನಡುವೆ ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ ಶೇ. 36.2ರಿಂದ 35.4ಕ್ಕೆ ಇಳಿಯಿತು, ಅಷ್ಟೆ. ಎತ್ತರಕ್ಕೆ ತಕ್ಕ ತೂಕವಿಲ್ಲದವರ ಪ್ರಮಾಣ ಶೇ. 26.1ರಿಂದ 19.5ಕ್ಕೆ ಇಳಿದದ್ದು ಸಮಾಧಾನ. ರಕ್ತಹೀನತೆ ಮಾತ್ರ ಶೇ. 60.9ರಿಂದ 65.5ಕ್ಕೆ ಏರಿದೆ. ಊಟದ ಜೊತೆ ಶುದ್ಧ ನೀರು, ಶೌಚಾಲಯ, ತಾಯಿಯ ವಿಶ್ರಾಂತಿ, ಮದುವೆಯ ವಯಸ್ಸು ಎಲ್ಲ ಸೇರಿ ಈ ಅಂಕಿ ತೀರ್ಮಾನವಾಗುತ್ತದೆ. ಅದೆಲ್ಲ ಅಂಗನವಾಡಿಯ ಕೈಯಲ್ಲಿಲ್ಲ.

ಮುಂದೆ ಆಗಬೇಕಾದದ್ದರಲ್ಲಿ ಒಂದನ್ನು ಜಿಲ್ಲೆಯ ಪರವಾಗಿ ದಾಖಲಿಸುತ್ತೇನೆ. ಅಂಗನವಾಡಿ ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆ ಮಕ್ಕಳಿಗೆ 'ಕೂಸಿನ ಮನೆ'ಗಳು ಬಂದಿವೆ. ನವುಲೆಯಂಥ ಬಡಾವಣೆಯಲ್ಲಿ ಗಾರೆ ಕೆಲಸಕ್ಕೆ ಹೋಗುವ ತಾಯಿ ಬೆಳಿಗ್ಗೆ ಎಂಟಕ್ಕೇ ಹೊರಟು ಆರರ ಮೇಲೆ ಬರುತ್ತಾಳೆ. ಅವಳ ಕೂಸು ಮರಳ ರಾಶಿಯ ಪಕ್ಕ ಸೀರೆಯ ತೊಟ್ಟಿಲಲ್ಲಿ ಇರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿ ಮತ್ತು ನಮ್ಮ ಇಲಾಖೆಯ ಕೇಂದ್ರಗಳನ್ನು ಜೋಡಿಸಿ, ನಗರದ ಅಂಗನವಾಡಿಗಳಲ್ಲಿ ಕೆಲವನ್ನಾದರೂ ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ತೆರೆದಿಡಬೇಕು. ಅದಕ್ಕೆ ಎರಡನೇ ಸಹಾಯಕಿಯ ಹುದ್ದೆ ಬೇಕು, ಸಂಜೆಯ ಒಂದು ಹೊತ್ತಿನ ಆಹಾರಕ್ಕೆ ಪ್ರತ್ಯೇಕ ದರ ಗೊತ್ತಾಗಬೇಕು, ಬಾಡಿಗೆ ಮನೆಯ ಅಟ್ಟದಲ್ಲಿರುವ ದಾಸ್ತಾನಿಗೆ ಒಂದು ಸರಿಯಾದ ಕೋಣೆ ಆಗಬೇಕು.